ಪದ ಪರಿಚಯ: ಪರ್ಯಾಯ ಡಿಎನ್‌ಎಸ್

ಅಂತರಜಾಲ ನಿಧಾನವಾಗಿದೆ ಎಂದು ಗೊಣಗಿದರೆ ಸಾಕು, ‘ಡಿಎನ್‌ಎಸ್ ಬದಲಿಸಿ ನೋಡಿ’ ಎನ್ನುವವರೊಬ್ಬರು ಸಿಕ್ಕೇ ಸಿಗುತ್ತಾರೆ. ಸಲಹೆ ಕೆಟ್ಟದ್ದೇನಲ್ಲ. ಬದಲಾಗುವುದು ಏನು ಎಂದು ಬಿಡಿಸಿ ಹೇಳುವವರು ಮಾತ್ರ ಕಡಿಮೆ.

ಡಿಎನ್‌ಎಸ್ ಎಂದರೆ ಡೊಮೇನ್ ನೇಮ್ ಸಿಸ್ಟಮ್. ನಾವು ತಾಣದ ಹೆಸರು ಬರೆಯುತ್ತೇವೆ. ಕಂಪ್ಯೂಟರಿಗೆ ಬೇಕಾದದ್ದು ಅಂಕಿಗಳ ಐಪಿ ವಿಳಾಸ. ಹೆಸರಿಗೆ ತಕ್ಕ ವಿಳಾಸ ಹುಡುಕಿಕೊಡುವುದು ಡಿಎನ್‌ಎಸ್ ಕೆಲಸ. ಮೊದಮೊದಲು ಜಾಲದ ಹೆಸರುಗಳೆಲ್ಲ ಒಂದೇ ಕಡತದಲ್ಲಿದ್ದವು. ಅದು ಕೈಮೀರಿ ಬೆಳೆದಾಗ, ಹೊಣೆಯನ್ನು ಹಲವು ಸರ್ವರ್‌ಗಳಿಗೆ ಹಂಚುವ ಈ ವ್ಯವಸ್ಥೆಯನ್ನು 1983ರಲ್ಲಿ ಪಾಲ್ ಮೊಕಪೆಟ್ರಿಸ್ ರೂಪಿಸಿದರು.

ಗೊಂದಲವಿರುವುದು ‘ಸರ್ವರ್’ ಎಂಬ ಪದದಲ್ಲೇ. ಹೆಸರಿನ ಅಧಿಕೃತ ದಾಖಲೆ ಇಟ್ಟುಕೊಂಡಿರುವುದೂ ಸರ್ವರ್; ನಮ್ಮ ಪರವಾಗಿ ಎಲ್ಲಕ್ಕಿಂತ ಮೇಲಿನ ಹಂತದ ರೂಟ್ ಸರ್ವರ್‌ನಿಂದ ಆರಂಭಿಸಿ ಒಂದೊಂದನ್ನೇ ವಿಚಾರಿಸುತ್ತ ಹೋಗಿ ವಿಳಾಸ ತಂದುಕೊಡುವುದೂ ಸರ್ವರ್. ಈ ಎರಡನೆಯದರ ಸರಿಯಾದ ಹೆಸರು ರಿಸಾಲ್ವರ್. ನಾವು ಬದಲಿಸುವುದು ಇದನ್ನಷ್ಟೇ. ನಾವೇನೂ ಹೇಳದಿದ್ದರೆ ಸಾಮಾನ್ಯವಾಗಿ ಇಂಟರ್‌ನೆಟ್ ಕಂಪನಿಯ ರಿಸಾಲ್ವರ್ ಆ ಕೆಲಸ ಮಾಡುತ್ತದೆ. ಅದರ ಬದಲು ಗೂಗಲ್ 2009ರಲ್ಲಿ ತೆರೆದ 8.8.8.8, ಕ್ಲೌಡ್‌ಫ್ಲೇರ್ 2018ರಲ್ಲಿ ತೆರೆದ 1.1.1.1, ಅಪಾಯಕಾರಿ ತಾಣಗಳನ್ನು ತಡೆಯುವ ಕ್ವಾಡ್‌9ನ 9.9.9.9 ಇವುಗಳಲ್ಲಿ ಒಂದನ್ನು ನೇಮಿಸಿಕೊಂಡರೆ ಅದೇ ಪರ್ಯಾಯ ಡಿಎನ್‌ಎಸ್.

ದಾರಿ ಯಾರನ್ನು ಕೇಳಿದರೂ ಊರು ಹತ್ತಿರವಾಗುವುದಿಲ್ಲ. ಹಳೆಯ ರಿಸಾಲ್ವರ್ ಸೋಮಾರಿಯಾಗಿದ್ದರೆ ಪುಟ ತೆರೆಯಲು ಶುರುವಾಗುವುದು ಬೇಗನಾದೀತು. ದೊಡ್ಡ ಕಡತ ಇಳಿಯುವ ವೇಗ ಸಾಮಾನ್ಯವಾಗಿ ಇದ್ದಷ್ಟೇ ಇರುತ್ತದೆ.

ವಿಂಡೋಸ್‌ನ ನೆಟ್‌ವರ್ಕ್ ಸೆಟ್ಟಿಂಗ್ಸ್‌ನಲ್ಲಿ ಡಿಎನ್‌ಎಸ್ ಎದುರಿಗಿರುವ ‘ಆಟೊಮ್ಯಾಟಿಕ್’ ಅನ್ನು ‘ಮ್ಯಾನ್ಯುಯಲ್’ ಮಾಡಿ, ಐಪಿವಿ4ರ (ಹಳೆಯ ಬಗೆಯ ಐಪಿ ವಿಳಾಸ) ಕೆಳಗಿನ ಎರಡು ಚೌಕಗಳಲ್ಲಿ 1.1.1.1 ಮತ್ತು ಅದರ ಜೋಡಿ 1.0.0.1 ಬರೆದು ಉಳಿಸಿದರೆ ಕೆಲಸ ಮುಗಿಯಿತು ಎನಿಸುತ್ತದೆ. ನಾನೂ ಹಾಗೆಯೇ ಅಂದುಕೊಂಡಿದ್ದೆ. ಆಮೇಲೆ ಕಮಾಂಡ್ ಪ್ರಾಂಪ್ಟ್‌ನಲ್ಲಿ, ಯಾವ ರಿಸಾಲ್ವರ್ ಬಳಕೆಯಲ್ಲಿದೆ ಎಂದು ತೋರಿಸುವ ಎನ್‌ಎಸ್‌ಲುಕಪ್ ಓಡಿಸಿದರೆ ಮೊದಲ ಸಾಲಿನಲ್ಲೇ ಹಳೆಯ ರಿಸಾಲ್ವರ್ ಕುಳಿತಿತ್ತು. ಹೊಸ ಬಗೆಯ ವಿಳಾಸವಾದ ಐಪಿವಿ6ನ ಚೌಕಗಳನ್ನು ಖಾಲಿ ಬಿಟ್ಟಿದ್ದೆ. ಪ್ರಶ್ನೆಗಳು ಆ ಬಾಗಿಲಿನಿಂದ ಹೊರಗೆ ಹೋಗುತ್ತಿದ್ದವು. ಬ್ರೌಸರಿಗೂ ತನ್ನದೇ ಡಿಎನ್‌ಎಸ್ ಆಯ್ಕೆ ಇರುತ್ತದೆ, ಅದನ್ನೂ ಒಮ್ಮೆ ನೋಡಬೇಕು. ಮನೆಯ ಎಲ್ಲ ಸಾಧನಗಳಿಗೂ ಬೇಕೆಂದರೆ ರೌಟರಿನಲ್ಲೇ ಬದಲಿಸುವುದು ಮೇಲು.

ಗೋಪ್ಯತೆಯ ಮಾತು ಬೇರೆ. ಮಾಮೂಲಿ ಡಿಎನ್‌ಎಸ್ ಪ್ರಶ್ನೆ 53ನೇ ಪೋರ್ಟ್ ಎಂಬ ಬಾಗಿಲಿನಲ್ಲಿ, ಲಕೋಟೆಯಿಲ್ಲದ ಅಂಚೆ ಕಾರ್ಡಿನಂತೆ ಹೋಗುತ್ತದೆ. ರಿಸಾಲ್ವರ್ ಯಾವುದೇ ಇರಲಿ, ದಾರಿಯಲ್ಲಿರುವವರು ಓದಬಹುದು. ಲಕೋಟೆ ಬೇಕಿದ್ದರೆ, ಪ್ರಶ್ನೆಯನ್ನು ಗೂಢಲಿಪಿಯಲ್ಲಿ ಕಳಿಸುವ ಡಿಎನ್‌ಎಸ್ ಓವರ್ ಎಚ್‌ಟಿಟಿಪಿಎಸ್ ಆಯ್ಕೆಯನ್ನೂ ಚಾಲೂ ಮಾಡಬೇಕು. ಆಗಲೂ ನೀವು ಕೇಳಿದ ಹೆಸರುಗಳೆಲ್ಲ ಹೊಸ ರಿಸಾಲ್ವರಿಗೆ ಗೊತ್ತಾಗುತ್ತವೆ. ಸಂಪರ್ಕವನ್ನೇ ಬೇರೊಂದು ಸರ್ವರ್ ಮೂಲಕ ಹಾಯಿಸುವ ವಿಪಿಎನ್ ನಿಮ್ಮ ಐಪಿ ವಿಳಾಸವನ್ನು ತಾಣಗಳಿಂದ ಮರೆಮಾಡುತ್ತದೆ; ಇದು ಮರೆಮಾಡುವುದಿಲ್ಲ.

ಇನ್ನೊಂದು ಕಿರಿಕಿರಿ: ಹೋಟೆಲು, ವಿಮಾನ ನಿಲ್ದಾಣಗಳ ವೈಫೈಯಲ್ಲಿ ಲಾಗಿನ್ ಪುಟವೇ ತೆರೆಯದೆ ಹೋದರೆ ಬದಲಿಸಿದ ಡಿಎನ್‌ಎಸ್ ಕಾರಣವಿರಬಹುದು. ತಾತ್ಕಾಲಿಕವಾಗಿ ಮತ್ತೆ ‘ಆಟೊಮ್ಯಾಟಿಕ್’ಗೆ ಬನ್ನಿ.