ಪದ ಪರಿಚಯ: ಮೌಖಿಕ ಆದೇಶ

ಯಾವುದಾದರೂ ಸರ್ಕಾರಿ ಕಚೇರಿಯ ಬೆಂಚಿನ ಮೇಲೆ ಅರ್ಧ ದಿನ ಕೂತು ನೋಡಿ. "ಮೇಲಿಂದ ಹೇಳಿದ್ದಾರೆ" ಅನ್ನೋ ಮಾತು ಕಿವಿಗೆ ಬಿದ್ದೇ ಬೀಳುತ್ತದೆ. ಮೇಲಿಂದ ಅಂದ್ರೆ ಯಾರು? ಯಾವಾಗ ಹೇಳಿದರು? ಕಡತ ತಿರುವಿದರೆ ಏನೂ ಸಿಗುವುದಿಲ್ಲ. ಹೀಗೆ ಬಾಯಿಮಾತಲ್ಲಿ ಬಂದು ಬಾಯಿಮಾತಲ್ಲೇ ಉಳಿಯುವ ಸೂಚನೆಯೇ ಮೌಖಿಕ ಆದೇಶ. ಈಗಂತೂ ಅದು ವಾಟ್ಸಾಪ್ ಕಾಲ್‌ನಲ್ಲೇ ಜಾಸ್ತಿ ಬರುತ್ತದೆ.

ಬಾಯಿಮಾತು ಅಂದಮಾತ್ರಕ್ಕೆ ಎಲ್ಲ ತಪ್ಪು ಅಂತಲ್ಲ. ಮಳೆಗಾಲದ ರಾತ್ರಿ ಕೆರೆ ಏರಿ ಬಿರುಕು ಬಿಟ್ಟಿತು, "ಮೊದಲು ಜನರನ್ನ ಎಬ್ಬಿಸಿ ಶಾಲೆಗೆ ಸಾಗಿಸಿ" ಅಂತ ಡಿಸಿ ಫೋನ್ ಮಾಡಿದರು ಅಂದುಕೊಳ್ಳಿ. ಆದೇಶದ ಪ್ರತಿ ಬರಲಿ ಅಂತ ಕಾಯೋಕಾಗುತ್ತಾ? ಐಎಎಸ್, ಐಪಿಎಸ್‌ನವರಿಗೆ ಅನ್ವಯಿಸುವ 1968ರ ನಡತೆ ನಿಯಮಗಳೂ ಇದಕ್ಕೆ ಜಾಗ ಬಿಟ್ಟಿವೆ. ಮೇಲಧಿಕಾರಿಯ ಆದೇಶ ಸಾಮಾನ್ಯವಾಗಿ ಬರಹದಲ್ಲೇ ಇರಬೇಕು. ಬಾಯಲ್ಲಿ ಹೇಳೋದು ಅನಿವಾರ್ಯವಾದರೆ, ಹೇಳಿದವರು ಕೂಡಲೇ ಬರೆದು ಖಚಿತಪಡಿಸಬೇಕು. ಕೇಳಿಸಿಕೊಂಡವರು ಸುಮ್ನೆ ಕೂರುವ ಹಾಗಿಲ್ಲ. "ಬರೆದು ಕೊಡಿ" ಅಂತ ಕೇಳೋದು ಅವರ ಕರ್ತವ್ಯ.

ಇಲ್ಲಿ "ಮೇಲಧಿಕಾರಿ" ಅನ್ನೋ ಪದ ಮುಖ್ಯ. ದಾವಣಗೆರೆಯವರಿಗೆ ಬೇಗ ಅರ್ಥವಾಗುವ ಉದಾಹರಣೆ ಭದ್ರಾ ನಾಲೆ. ಬೇಸಿಗೆ ಬೆಳೆಗೆ ನೀರು ಬಿಟ್ಟಾಗ ಮೇಲ್ಭಾಗದಲ್ಲಿ ಅಕ್ರಮ ಪಂಪ್‌ಸೆಟ್ ಇಟ್ಟು ಎತ್ತಿದರೆ ಕೊನೆ ಭಾಗದ ರೈತರ ಗದ್ದೆಗೆ ನೀರು ಮುಟ್ಟುವುದಿಲ್ಲ. ಪಂಪ್‌ಸೆಟ್ ತೆಗೆಸಲು ಹೊರಟ ಎಂಜಿನಿಯರ್‌ಗೆ ಎರಡು ಫೋನ್ ಬಂದವು ಅನ್ನೋಣ. ಒಂದು, "ನಮ್ಮ ಕಡೆ ನೀರೇ ಬಂದಿಲ್ಲ, ಸ್ವಲ್ಪ ನೋಡ್ರಿ." ಇನ್ನೊಂದು, "ಆ ಪಂಪ್‌ಸೆಟ್ ತಂಟೆಗೆ ಹೋಗಬೇಡ್ರಿ." ಎರಡೂ ಕಡೆ ಮಾತಾಡಿದವರು ಜನಪ್ರತಿನಿಧಿಗಳೇ. ಮೊದಲನೆಯದು ಅಹವಾಲು. ಜನರ ಕಷ್ಟ ಹೊತ್ತು ತರೋದು ಅವರ ಕೆಲಸ, ಅದಕ್ಕೆ ಅಧಿಕಾರಿ ಮುಖ ಗಂಟು ಹಾಕಿಕೊಳ್ಳಬಾರದು. ಎರಡನೆಯದು ಬರೀ ಒತ್ತಡ. ಶಾಸಕರು ಎಂಜಿನಿಯರ್‌ಗೆ ಮೇಲಧಿಕಾರಿ ಅಲ್ಲ. ಹಾಗಾಗಿ ಅವರ ಮಾತು ಮೌಖಿಕವೇನೋ ಹೌದು, ಆದೇಶ ಮಾತ್ರ ಅಲ್ಲ. ಆದರೆ ವರ್ಗಾವಣೆಯ ಭಯ ಇರುವ ಕಡೆ ಈ ವ್ಯತ್ಯಾಸ ಯಾರಿಗೂ ನೆನಪಿಗೆ ಬರೋದಿಲ್ಲ, ಅಲ್ವಾ?

ಇದೇ ಸಂಗತಿ ಸುಪ್ರೀಂ ಕೋರ್ಟ್‌ವರೆಗೂ ಹೋಗಿತ್ತು. ಹಿಂದೆ ಸಂಪುಟ ಕಾರ್ಯದರ್ಶಿಯಾಗಿದ್ದ ಟಿ.ಎಸ್.ಆರ್. ಸುಬ್ರಮಣಿಯನ್ ಮತ್ತಿತರ ನಿವೃತ್ತ ಅಧಿಕಾರಿಗಳು ಹಾಕಿದ್ದ ಅರ್ಜಿಯಲ್ಲಿ 2013ರ ಅಕ್ಟೋಬರ್ 31ರಂದು ತೀರ್ಪು ಬಂತು. ಅಧಿಕಾರಿಗಳು ಬಾಯಿಮಾತಿನ ಮೇಲೆ ಕೆಲಸ ಮಾಡಬಾರದು, ಬಂದ ಸೂಚನೆಯನ್ನು ದಾಖಲಿಸಬೇಕು ಎಂದಿತು ಕೋರ್ಟ್. ಕೊಟ್ಟ ಕಾರಣಗಳಲ್ಲಿ ನನಗೆ ಹಿಡಿಸಿದ್ದು ಒಂದು. ಬರೆದಿಡದೆ ಕೆಲಸ ಮಾಡಿದರೆ 2005ರ ಮಾಹಿತಿ ಹಕ್ಕು ಕಾಯ್ದೆಗೆ ಬೆಲೆಯೇ ಇರೋದಿಲ್ಲ. ಹೌದಲ್ಲ, ಫೈಲ್‌ನಲ್ಲೇ ಇಲ್ಲದ್ದನ್ನು ಯಾವ ಅರ್ಜಿ ಹಾಕಿ ಕೇಳೋದು?

ನನಗೆ ಇದು ಗೊತ್ತಾಗಿದ್ದು ಪೆಟ್ಟು ತಿಂದ ಮೇಲೆ. ಒಂದು ಕಚೇರಿಯಲ್ಲಿ ಕೇಸ್ ವರ್ಕರ್ ಆಗಿದ್ದೆ. ಬೆಳೆ ಪರಿಹಾರದ ಪಟ್ಟಿ ಆಗಿನ್ನೂ ಕೈಬರಹದ್ದು. ಗಡುವು ಮುಗಿದ ಮೇಲೆ ಮೇಲಿನವರು ಕರೆದು, "ಇನ್ನೊಂದು ಏಳೆಂಟು ಹೆಸರು ಸೇರಿಸಪ್ಪ, ಆಮೇಲೆ ಸಹಿ ಹಾಕ್ತೀನಿ" ಅಂದರು. ಸೇರಿಸಿದೆ. ಆ "ಆಮೇಲೆ" ಬರಲೇ ಇಲ್ಲ. ಆಡಿಟ್‌ನವರು ಬಂದು, ಶಾಯಿ ಬೇರೆ ಇದ್ದ ಆ ಸಾಲುಗಳ ಮೇಲೇ ಬೆರಳಿಟ್ಟರು. ಹೇಳಿದವರನ್ನು ಕೇಳಿದರೆ, "ನಾನಾ? ನೆನಪಿಲ್ಲಪ್ಪ." ನೋಟಿಸ್‌ಗೆ ಉತ್ತರ ಬರೆದವನು ನಾನು.

ತರಬೇತಿಯ ಮಾತು ಬರೋದು ಇಲ್ಲೇ. ಐಎಎಸ್‌ನವರಿಗೆ ಮಸ್ಸೂರಿ ಅಕಾಡೆಮಿ ಇದೆ. ಕೆಎಎಸ್‌ನವರಿಗೆ ಮೈಸೂರಿನ ಲಲಿತಮಹಲ್ ರಸ್ತೆಯ ಆಡಳಿತ ತರಬೇತಿ ಸಂಸ್ಥೆ. ಗುಮಾಸ್ತರಿಗೆ ನಮ್ಮಲ್ಲೇ ಜಿಲ್ಲಾ ತರಬೇತಿ ಸಂಸ್ಥೆ. ಕೇಂದ್ರ ಸರ್ಕಾರ 2020ರ ಸೆಪ್ಟೆಂಬರ್‌ನಲ್ಲಿ ಮಿಷನ್ ಕರ್ಮಯೋಗಿ ಅನ್ನೋ ನೌಕರರ ತರಬೇತಿ ಯೋಜನೆಗೆ ಒಪ್ಪಿಗೆ ಕೊಟ್ಟ ಮೇಲೆ ಮೊಬೈಲ್‌ನಲ್ಲೂ ಕೋರ್ಸ್‌ಗಳು ಬಂದಿವೆ. ಒಳ್ಳೆಯದೇ. ಆದರೆ ದುರ್ಗದಿಂದ ದಾವಣಗೆರೆಗೆ ಬಸ್ ಬರೋಷ್ಟರಲ್ಲಿ ಒಂದು ಕೋರ್ಸ್ ಮುಗಿಸಿ ಸರ್ಟಿಫಿಕೇಟ್ ಇಳಿಸಿಕೊಂಡವರನ್ನೂ ನೋಡಿದ್ದೇನೆ.

ನಿಯಮ ಕಲಿಯಲು ಐದು ನಿಮಿಷ ಸಾಕು. ಕಷ್ಟ ಇರೋದು ಬಾಯಿ ತೆರೆಯೋದರಲ್ಲಿ. "ಬರೆದು ಕೊಡಿ ಸಾರ್" ಅನ್ನೋದು ಎದುರಾಡಿದ ಹಾಗೆ ಕೇಳಿಸಬಾರದು, ಹೆದರಿ ಗೊಣಗಿದ ಹಾಗೂ ಇರಬಾರದು. ಅದಕ್ಕೆ ತರಬೇತಿಯ ಕೊಠಡಿಯಲ್ಲಿ ನಿಜವಾಗಿ ಫೋನ್ ಹೊಡೆಸಿ, ಆ ಕಡೆಯಿಂದ ಯಾರಾದರೂ ಗದರಬೇಕು ಅನ್ನೋದು ನನ್ನ ಅಭಿಪ್ರಾಯ. ಎರಡು ಸಲ ಬೆವರಿದರೆ ಮೂರನೇ ಸಲ ಮಾತು ತಾನಾಗೇ ಬರುತ್ತದೆ.

ಕಡತಗಳನ್ನು ಕಂಪ್ಯೂಟರ್‌ನಲ್ಲೇ ನಡೆಸುವ ಇ-ಆಫೀಸ್ ಬಂದ ಮೇಲೆ ಒಂದು ಅನುಕೂಲ ಆಗಿದೆ. ಅಲ್ಲಿ ಹಳದಿ ಟಿಪ್ಪಣಿ ಅಂದ್ರೆ ಕರಡು, ಬೇಡವಾದರೆ ಅಳಿಸಬಹುದು. ಹಸಿರು ಟಿಪ್ಪಣಿ ಕಡತದಲ್ಲಿ ಕಾಯಂ ಆಗಿ ಉಳಿಯುತ್ತದೆ. ಹೊಸದಾಗಿ ಬಂದಿದ್ದ ಪ್ರೊಬೇಷನರಿ ಹುಡುಗಿಯೊಬ್ಬರು ಇದನ್ನು ಚೆನ್ನಾಗಿ ಬಳಸಿಕೊಂಡರು. ಫೋನ್ ಇಟ್ಟ ಕೂಡಲೇ ಹಸಿರಿನಲ್ಲಿ ಒಂದು ಸಾಲು ಬರೆದರು: "ಈ ದಿನ ದೂರವಾಣಿಯಲ್ಲಿ ನೀಡಿದ ಮೌಖಿಕ ಸೂಚನೆಯನ್ನು ದೃಢೀಕರಿಸಲು ಕಡತ ಮಂಡಿಸಿದೆ."

ಮರುದಿನ ಕಡತ ವಾಪಸ್ ಬಂತು. ಷರಾ ಒಂದೇ ಪದ: "ಚರ್ಚಿಸಿ." ಅಂದ್ರೆ ಎದುರಿಗೆ ಬಂದು ಮಾತಾಡಿ, ಬರೆಸಬೇಡಿ ಅಂತ. ಅವರು ಹೋದರು, ಮಾತಾಡಿದರು, ಚಹಾ ಕುಡಿದು ಬಂದರು. ಬಂದವರೇ ಇನ್ನೊಂದು ಹಸಿರು ಟಿಪ್ಪಣಿ ಹಾಕಿದರು. ಅದು "ಚರ್ಚಿಸಿದಂತೆ" ಅಂತ ಶುರುವಾಗಿತ್ತು.