ಕುಂಟುವ ಬಾತುಕೋಳಿ: ಕಾಲು ಮುಟ್ಟುವ ಮೊದಲು ನೆಲ ನೋಡಿ

ಪಶು ಸಖಿ (ಹಳ್ಳಿಯಲ್ಲಿ ಜಾನುವಾರು ಆರೈಕೆಗೆ ನೆರವಾಗುವ ಮಹಿಳೆ) ತರಬೇತಿಯಲ್ಲಿ ಆಡು, ಕುರಿ, ಎಮ್ಮೆ, ಜವಾರಿ ಕೋಳಿ ಎಲ್ಲಾ ಆಯ್ತು. ಬಾತುಕೋಳಿ ಬಗ್ಗೆ ನನ್ನ ನೋಟ್‌ಬುಕ್ಕಿನಲ್ಲಿ ಇರೋದು ನಾಲ್ಕೇ ಸಾಲು. ನಮ್ಮ ಕಡೆ ಬಾತು ಸಾಕುವವರು ಕಡಿಮೆ, ಹಾಗಾಗಿ ಯಾರೂ ಕೇಳಲೂ ಇಲ್ಲ. ಕಳೆದ ಜನವರಿಯಲ್ಲಿ ಚಿತ್ತಾಪುರ ತಾಲ್ಲೂಕಿನ ನಮ್ಮೂರಲ್ಲಿ, ಹಿಂದಿನ ಓಣಿಯ ಹುಡುಗ ತನ್ನ ಬಾತುಕೋಳಿಯನ್ನು ಪ್ಲಾಸ್ಟಿಕ್ ಬುಟ್ಟಿಯಲ್ಲಿ ಇಟ್ಟುಕೊಂಡು ಬಾಗಿಲಿಗೆ ಬಂದ.

"ಯಕ್ಕಾ, ರಾಣಿ ಕುಂಟ್ಲತ್ತದ ನೋಡು. ಕಾಲು ಮುರದದ ಅಂತಾನ ನಮ್ಮ ಕಾಕಾ."

ಕಾಲು ಮುರಿದಿರಲಿಲ್ಲ. ಅದು ಗೊತ್ತಾಗೋಕೆ ನನಗೆ ಮೂರು ದಿನ ಹಿಡಿಯಿತು. ಆ ಮೂರು ದಿನ ನಾನು ಮಾಡಿದ ತಪ್ಪು, ಆಮೇಲೆ ಡಾಕ್ಟರು ತಿದ್ದಿದ್ದು, ಪುಸ್ತಕ ತೆಗೆದು ಓದಿದ್ದು ಎಲ್ಲ ಸೇರಿ ಈ ಟಿಪ್ಪಣಿ. ನೀವೂ ನನ್ನ ಹಾಗೆ ಕಲಿಯುತ್ತಿರುವವರು, ಹಾಗಾಗಿ ಕಲಿತ ಕ್ರಮದಲ್ಲೇ ಬರೆಯುತ್ತೇನೆ.

ಮೊದಲು ಮಂಡಿ ಎಲ್ಲಿದೆ ಅಂತ ಹುಡುಕಿ

ಬಾತುಕೋಳಿಯ ಕಾಲಲ್ಲಿ ಹಿಂದಕ್ಕೆ ಬಾಗಿದಂತೆ ಕಾಣುವ ಕೀಲನ್ನು ಎಲ್ಲರೂ ಮಂಡಿ ಅಂದುಕೊಳ್ಳುತ್ತಾರೆ. ಅದು ಹಿಮ್ಮಡಿ. ನಿಜವಾದ ಮಂಡಿ ಮೇಲೆ, ಹೊಟ್ಟೆಯ ಪಕ್ಕ ಗರಿಯೊಳಗೆ ಮುಚ್ಚಿಕೊಂಡಿರುತ್ತದೆ. ಊಟಕ್ಕೆ ಕೂತಾಗ ನಾವು ಲೆಗ್ ಪೀಸ್ ಅನ್ನುತ್ತೀವಲ್ಲ, ಅದು ಮಂಡಿಯಿಂದ ಹಿಮ್ಮಡಿವರೆಗಿನ ಭಾಗ. ಅದರ ಕೆಳಗೆ ಹುರುಪೆಯಂಥ ಚರ್ಮ ಇರುವ ಸಣ್ಣ ಕಾಲು, ಅದರ ತುದಿಗೆ ಮೂರು ಬೆರಳು ಮುಂದಕ್ಕೆ, ನಡುವೆ ಪೊರೆ, ಹಿಂದೆ ಒಂದು ಗಿಡ್ಡ ಬೆರಳು. ಅಂದರೆ ಬಾತುಕೋಳಿ ದಿನವಿಡೀ ಬೆರಳ ಮೇಲೇ ನಡೆಯುತ್ತದೆ. ಮೈಭಾರವೆಲ್ಲ ಬೀಳೋದು ಪಾದದ ಅಡಿಯ ಒಂದು ಮೆತ್ತನೆಯ ಗುಬ್ಬಿನ ಮೇಲೆ. ಈ ಗುಬ್ಬು ನೆನಪಿಟ್ಟುಕೊಳ್ಳಿ, ಮುಂದೆ ಬರುತ್ತದೆ.

ಇದನ್ನು ಯಾಕೆ ಹೇಳಿದೆ ಅಂದರೆ, ನಾನು ಡಾಕ್ಟರಿಗೆ ಫೋನ್ ಮಾಡಿ "ಮಂಡಿ ಬಾತಿದೆ ಸರ್" ಅಂದಿದ್ದೆ. ಅವರು ಗರಿಯೊಳಗಿನ ಕೀಲನ್ನು ಮನಸ್ಸಲ್ಲಿಟ್ಟುಕೊಂಡು ಪ್ರಶ್ನೆ ಕೇಳುತ್ತಿದ್ದರು, ನಾನು ಹಿಮ್ಮಡಿ ನೋಡಿ ಉತ್ತರ ಕೊಡುತ್ತಿದ್ದೆ. ಹತ್ತು ನಿಮಿಷ ಸುಮ್ನೆ ಹೋಯ್ತು.

ಹಿಡಿಯೋದು

ಕೋಳಿಯನ್ನು ಕಾಲು ಹಿಡಿದು ತಲೆಕೆಳಗಾಗಿ ಎತ್ತುವ ರೂಢಿ ನಮ್ಮೆಲ್ಲರಿಗೂ ಇದೆ. ಬಾತುಕೋಳಿಗೆ ಅದು ಬೇಡವೇ ಬೇಡ. ಮೈ ದಪ್ಪ, ಕಾಲು ಸಣ್ಣ. ಹಾಗೆ ಎತ್ತಿ ಕೊಸರಾಡಿದರೆ ಕೀಲು ಉಳುಕುತ್ತದೆ, ಎಲುಬೂ ಮುರಿಯಬಹುದು. ಎರಡೂ ಕೈಯಿಂದ ರೆಕ್ಕೆ ಸಮೇತ ಮೈಯನ್ನು ಬಳಸಿ ಹಿಡಿಯಿರಿ. ಒಂದು ಹಳೇ ಟವೆಲ್ ಸುತ್ತಿದರೆ ಇನ್ನೂ ಒಳ್ಳೇದು.

ಆದರೆ ಬಿಗಿಯಾಗಿ ಅಪ್ಪಿಕೊಳ್ಳಬೇಡಿ. ಹಕ್ಕಿಗಳಿಗೆ ನಮ್ಮ ಹಾಗೆ ಎದೆ ಮತ್ತು ಹೊಟ್ಟೆಯ ನಡುವೆ ಉಸಿರಾಟದ ಪರದೆ ಇಲ್ಲ. ಎದೆಯೆಲುಬು ಹೊರಗೆ ಒಳಗೆ ಆಡಿದರೆ ಮಾತ್ರ ಗಾಳಿ ಒಳಗೆ ಹೋಗುತ್ತದೆ. ಎದೆ ಒತ್ತಿ ಹಿಡಿದರೆ ಮೂಗು ಬಾಯಿ ತೆರೆದಿದ್ದರೂ ಉಸಿರು ಕಟ್ಟುತ್ತದೆ. ಚಿಕ್ಕ ಮಕ್ಕಳು ಪ್ರೀತಿಯಿಂದ ಬಿಗಿದಪ್ಪುವಾಗಲೂ ಇದನ್ನೇ ಹೇಳಿ.

ಕುಂಟೋದೆಲ್ಲ ಕಾಲಿನ ಗಾಯ ಅಲ್ಲ

ಮುಟ್ಟುವ ಮೊದಲು ದೂರ ನಿಂತು ಐದು ನಿಮಿಷ ನೋಡಿ. ನಾಲ್ಕು ಕಾಳು ಚೆಲ್ಲಿ, ನಡೆಯಲಿ. ಒಂದೇ ಕಾಲು ಎತ್ತಿಡುತ್ತಿದ್ದರೆ ಆ ಕಾಲಲ್ಲೇ ನೋವು ಇರುತ್ತದೆ. ಎರಡೂ ಕಾಲು ಸೋತಿದ್ದರೆ ಬೇರೆ ಕಡೆ ಹುಡುಕಬೇಕು. ಮೊಟ್ಟೆ ಇಡುವ ಬಾತು ತಿಣುಕುತ್ತಾ, ಬಾಲ ಅಲ್ಲಾಡಿಸುತ್ತಾ, ಕಾಲಗಲಿಸಿ ನಿಂತಿದ್ದರೆ ಮೊಟ್ಟೆ ಒಳಗೇ ಸಿಕ್ಕಿಕೊಂಡಿರಬಹುದು. ಕಾಲಿನ ಜೊತೆ ಕತ್ತೂ ಜೋತು ಬಿದ್ದಿದ್ದರೆ ಬಾಟ್ಯುಲಿಸಂ ಅನುಮಾನ ಬರಬೇಕು. ಬೇಸಿಗೆಯಲ್ಲಿ ಕೊಳೆತ ನೀರು, ಸತ್ತ ಪ್ರಾಣಿ, ಅದರ ಮೇಲಿನ ಹುಳು ತಿಂದಾಗ ಬರುವ ವಿಷ ಅದು. ಇವೆರಡೂ ಗಂಟೆಗಳ ಲೆಕ್ಕದ ವಿಷಯ. ಕಾಲಿಗೆ ಪಟ್ಟಿ ಕಟ್ಟುತ್ತಾ ಕೂತರೆ ಹಕ್ಕಿ ಹೋಗಿಬಿಡುತ್ತದೆ.

ಆಮೇಲೆ ಎರಡೂ ಕಾಲನ್ನು ಒಟ್ಟಿಗೆ ಮುಟ್ಟಿ ಹೋಲಿಸಿ. ಬಾತುಕೋಳಿಯ ಮೈ ಬಿಸಿ 41ರಿಂದ 42 ಡಿಗ್ರಿ ಇರುತ್ತದೆ, ಹಾಗಾಗಿ ನಮ್ಮ ಕೈಗೆ ಯಾವಾಗಲೂ ಜ್ವರ ಬಂದ ಹಾಗೇ ಅನಿಸುತ್ತದೆ. ಒಂದು ಕಾಲು ಇನ್ನೊಂದಕ್ಕಿಂತ ಬಿಸಿ ಇದೆಯಾ, ದಪ್ಪ ಇದೆಯಾ ಅನ್ನೋದೇ ಲೆಕ್ಕ. ಬೆರಳು ತಣ್ಣಗಾಗಿ ಬಣ್ಣ ಕಪ್ಪಾಗಿದ್ದರೆ ರಕ್ತ ಹೋಗುತ್ತಿಲ್ಲ ಅಂತ ಅರ್ಥ. ದಾರ, ಕೂದಲು, ಮೀನು ಬಲೆಯ ಎಳೆ ಸುತ್ತಿಕೊಂಡಿದೆಯಾ ಅಂತ ಬೆರಳು ಬೆರಳೇ ಬಿಡಿಸಿ ನೋಡಿ.

ಗುಬ್ಬಿನ ಗಾಯ

ರಾಣಿಯ ಎಡಗಾಲನ್ನು ನಾನು ಮೂರು ದಿನ ಮೇಲಿಂದಲೇ ನೋಡಿದ್ದೆ. ಡಾಕ್ಟರು ಬಂದು ಮಾಡಿದ ಮೊದಲ ಕೆಲಸ ಪಾದ ತಿರುಗಿಸಿ ಅಡಿ ನೋಡಿದ್ದು. ಗುಬ್ಬಿನ ನಡುವೆ ತೊಗರಿ ಕಾಳಿನಷ್ಟು ಅಗಲದ ಕಪ್ಪು ಹಕ್ಕಳೆ. ಸುತ್ತ ಕೆಂಪು, ಒತ್ತಿದರೆ ಗಟ್ಟಿ. ಹುಡುಗ ಅದನ್ನು ಮಣ್ಣು ಅಂದುಕೊಂಡು ಎರಡು ಸಲ ತೊಳೆದಿದ್ದನಂತೆ.

ಇದಕ್ಕೆ ಪುಸ್ತಕದಲ್ಲಿ ಬಂಬಲ್‌ಫುಟ್ ಅಂತ ಹೆಸರು. ಚರ್ಮ ಸವೆದು ಅಥವಾ ಚುಚ್ಚಿಕೊಂಡು ಸಣ್ಣ ಬಿರುಕು ಬಿಡುತ್ತದೆ. ಅದರೊಳಗೆ ಹೆಚ್ಚಾಗಿ ಸ್ಟ್ಯಾಫಿಲೊಕಾಕಸ್ ಅನ್ನುವ ಬ್ಯಾಕ್ಟೀರಿಯಾ ಸೇರಿಕೊಳ್ಳುತ್ತದೆ. ಹಕ್ಕಿಯ ಕೀವು ನಮ್ಮ ಕೀವಿನ ಹಾಗೆ ನೀರಾಗಿ ಹರಿಯಲ್ಲ. ಅದನ್ನು ಕರಗಿಸುವ ಕಿಣ್ವ ಹಕ್ಕಿಯ ಬಿಳಿ ರಕ್ತಕಣಗಳಲ್ಲಿ ಇಲ್ಲ. ಅದಕ್ಕೇ ಕೀವು ಒಣಗಿದ ಗಿಣ್ಣದ ಹಾಗೆ ಹಳದಿ ಗಟ್ಟಿ ಗಂಟಾಗಿ ಕೂರುತ್ತದೆ. ಹಿಸುಕಿದರೆ ಬರಲ್ಲ. ಹಿಸುಕಿದಷ್ಟೂ ಸೋಂಕು ಒಳಗಿನ ಸ್ನಾಯು, ಎಲುಬಿನ ಕಡೆ ಹೋಗುತ್ತದೆ. ಗಂಟು ತೆಗೆಯೋದು ಡಾಕ್ಟರ ಕೆಲಸ. ಬ್ಲೇಡು ಹಿಡಿದು ಕೂತ ವಿಡಿಯೋ ನೋಡಿ ಯಾರೂ ಧೈರ್ಯ ಮಾಡಬೇಡಿ.

ನಾವು ಮಾಡಬಹುದಾದದ್ದು ಏನು? ಉಗುರು ಬೆಚ್ಚಗಿನ ನೀರಲ್ಲಿ ಪಾದವನ್ನು ಹತ್ತರಿಂದ ಹದಿನೈದು ನಿಮಿಷ ನೆನೆಸೋದು. ತೊಳೆಯಲು ಉಪ್ಪುನೀರು: ಕುದಿಸಿ ಆರಿಸಿದ ಒಂದು ಲೀಟರ್ ನೀರಿಗೆ 9 ಗ್ರಾಂ ಉಪ್ಪು, ಸುಮಾರು ಒಂದೂವರೆ ಚಹಾ ಚಮಚ. ಆಮೇಲೆ ಪೊವಿಡೋನ್ ಅಯೋಡಿನ್ ಅನ್ನು ತಿಳಿ ಚಹಾದ ಬಣ್ಣ ಬರುವವರೆಗೆ ನೀರು ಬೆರೆಸಿ ಹಚ್ಚಬೇಕು. ಒಣಗಿಸಿ, ಗಾಜ್ ಇಟ್ಟು, ಬೆರಳುಗಳ ನಡುವೆ ಹಾಯಿಸಿ ಸಡಿಲವಾಗಿ ಪಟ್ಟಿ ಸುತ್ತಬೇಕು. ಪಟ್ಟಿ ಒದ್ದೆಯಾದರೆ ಆಗಲೇ ಬದಲಿಸಿ, ಬಾತುಕೋಳಿ ಒದ್ದೆ ಮಾಡದೆ ಬಿಡಲ್ಲ. ಕೈಗೆ ಗ್ಲೌಸ್ ಇರಲಿ, ಈ ಬ್ಯಾಕ್ಟೀರಿಯಾ ನಮ್ಮ ಕೈಯ ಗಾಯಕ್ಕೂ ಬರುತ್ತದೆ. ಸುಣ್ಣ, ಬೂದಿ ಹಚ್ಚೋದು ಬೇಡ. ನೋವು ಮರೆಸುವ ಮರಗಟ್ಟಿಸುವ ಮುಲಾಮೂ ಬೇಡ, ಹಕ್ಕಿಗೆ ಅದು ಬೇಗ ವಿಷವಾಗುತ್ತದೆ.

ಡಾಕ್ಟರು ಗಂಟು ತೆಗೆದು ಪಟ್ಟಿ ಕಟ್ಟಿ ಎದ್ದರು. ಚಪ್ಪಲಿ ಹಾಕಿಕೊಳ್ಳುತ್ತಾ ಅಂಗಳ ನೋಡಿದರು. "ಗಾಯ ಕಾಲಿಗಲ್ಲ ತಂಗಿ, ಇಲ್ಲಿಂದ ಬಂದದ" ಅಂತ ಕಾಲಿನ ತುದಿಯಿಂದ ನೆಲದ ಫರಸಿ ಕಲ್ಲು ಕುಟ್ಟಿದರು.

ನಮ್ಮ ಕಡೆ ಯಾರ ಮನೆ ನೋಡಿದರೂ ಶಹಾಬಾದ್ ಫರಸಿಯೇ ಅಲ್ವಾ. ಪಡಸಾಲೆ, ಅಂಗಳ, ದನದ ಕೊಟ್ಟಿಗೆ ಎಲ್ಲಾ ಕಡೆ. ನಮಗೆ ತಂಪು, ಗುಡಿಸಲು ಸುಲಭ. ಬಾತುಕೋಳಿಯ ಪಾದ ಆಗಿರೋದು ಕೆಸರಿಗೆ, ನೀರಿಗೆ. ಗಟ್ಟಿ ಕಲ್ಲಿನ ಮೇಲೆ ದಿನವಿಡೀ ನಡೆದರೆ ಗುಬ್ಬು ಸವೆಯುತ್ತದೆ. ಫರಸಿ ಜೋಡಿಸಿದ ಕಡೆ ಅಂಚು ಎದ್ದಿದ್ದರೆ ಕೊಯ್ಯುತ್ತದೆ. ಹೊಲಕ್ಕೆ ಬಿಟ್ಟರೆ ಇನ್ನೊಂದು ತೊಂದರೆ: ಜನವರಿ ಹೊತ್ತಿಗೆ ತೊಗರಿ ಕೊಯ್ದಿರುತ್ತಾರೆ, ಉಳಿದ ಕೂಳೆ ಮೊಳೆಯ ಹಾಗೆ ನಿಂತಿರುತ್ತದೆ. ರಾಣಿಗೆ ಎರಡೂ ಇದ್ದವು. ಬೆಳಿಗ್ಗೆ ಕೂಳೆ ಹೊಲ, ಮಧ್ಯಾಹ್ನದಿಂದ ಫರಸಿ.

ಅದಕ್ಕೇ ಈಗ ನಾನು ಯಾವ ಮನೆಗೆ ಹೋದರೂ ಹಕ್ಕಿ ಎತ್ತುವ ಮೊದಲು ಬರಿಗಾಲಲ್ಲಿ ಅಂಗಳದಲ್ಲಿ ನಾಲ್ಕು ಹೆಜ್ಜೆ ನಡೆದು ನೋಡುತ್ತೇನೆ. ಮನೆಯವರು ನಗುತ್ತಾರೆ, ನಗಲಿ. ಗಾಯದ ಹಕ್ಕಿಗೆ ಮೂರ್ನಾಲ್ಕು ಬೆರಳು ದಪ್ಪ ಭತ್ತದ ಹುಲ್ಲು ಅಥವಾ ಒಣ ಹೊಟ್ಟು, ಅದರ ಮೇಲೆ ಗೋಣಿ ತಟ್ಟು. ದಿನಾ ತೆಗೆದು ಒಣ ಹಾಕಬೇಕು, ಇಲ್ಲದಿದ್ದರೆ ಬೂಷ್ಟು ಬರುತ್ತದೆ. ಬೂಷ್ಟಿನ ಗಾಳಿ ಹಕ್ಕಿಯ ಶ್ವಾಸಕೋಶಕ್ಕೆ ಕೆಟ್ಟದ್ದು. ಜೋಳದ ಕಣಿಕೆ ಹಾಕಬೇಡಿ, ತುಂಡು ಚೂಪು. ಬೇರೆ ಬಾತುಗಳಿದ್ದರೆ ಅವು ಕಣ್ಣಿಗೆ ಕಾಣುವ ಜಾಗದಲ್ಲೇ ಬುಟ್ಟಿ ಇಡಿ. ಒಂಟಿ ಮಾಡಿದರೆ ತಿನ್ನೋದೇ ಬಿಡುತ್ತವೆ.

ನಿಜಕ್ಕೂ ಮುರಿದಿದ್ದರೆ

ಕಾಲು ಅಡ್ಡಾದಿಡ್ಡಿ ಜೋತಾಡುತ್ತಿದ್ದರೆ, ಮುಟ್ಟಿದಾಗ ಕಟಕಟ ಅನಿಸಿದರೆ ಮುರಿದಿದೆ ಅಂತ ಲೆಕ್ಕ. ಎಲುಬು ಹೊರಗೆ ಕಂಡರೆ ಒಳಗೆ ತಳ್ಳಬೇಡಿ. ಉಪ್ಪುನೀರಲ್ಲಿ ಅದ್ದಿದ ಶುಭ್ರ ಬಟ್ಟೆ ಮುಚ್ಚಿ, ಅದೇ ದಿನ ಆಸ್ಪತ್ರೆಗೆ. ರಕ್ತ ಸೋರುತ್ತಿದ್ದರೆ ಐದು ನಿಮಿಷ ಬಿಡದೆ ಒತ್ತಿ ಹಿಡಿಯಿರಿ, ನಡುವೆ ತೆಗೆದು ನೋಡಬೇಡಿ. ದಾರಿಯಲ್ಲಿ ಹಕ್ಕಿಯನ್ನು ಕತ್ತಲಿರುವ, ಗಾಳಿಯಾಡುವ ಡಬ್ಬಿಯಲ್ಲಿ ಕೂರಿಸಿ. ಕತ್ತಲಲ್ಲಿ ಒದ್ದಾಟ ಕಡಿಮೆ.

ಕಟ್ಟು ಹಾಕುವ ನಿಯಮ ಒಂದೇ: ಮುರಿದ ಜಾಗದ ಮೇಲಿನ ಕೀಲು, ಕೆಳಗಿನ ಕೀಲು ಎರಡೂ ಅಲ್ಲಾಡಬಾರದು. ಇದೇ ಕಾರಣಕ್ಕೆ ತೊಡೆ ಎಲುಬು ಮುರಿದರೆ ಕಡ್ಡಿ ಕಟ್ಟಿ ಪ್ರಯೋಜನ ಇಲ್ಲ. ಮೇಲಿನ ಕೀಲು ಮೈಯೊಳಗೇ ಇದೆ, ಅದನ್ನು ಹೇಗೆ ಕಟ್ಟುತ್ತೀರಿ? ಅಲ್ಲಿ ಇಕ್ಕಟ್ಟು ಬುಟ್ಟಿಯಲ್ಲಿ ವಿಶ್ರಾಂತಿ ಅಥವಾ ಆಪರೇಷನ್. ಕೆಳಗಿನ ಎಲುಬಿಗೆ ಐಸ್‌ಕ್ರೀಂ ಕಡ್ಡಿ, ಹತ್ತಿ, ತನಗೆ ತಾನೇ ಅಂಟುವ ಪಟ್ಟಿ ಸಾಕಾಗುತ್ತದೆ. ಅದನ್ನೂ ಡಾಕ್ಟರೇ ಹಾಕಲಿ.

ನಾನು ಮೊದಲ ದಿನವೇ "ಮುರಿದಿದೆ" ಅಂತ ನಂಬಿ ರಾಣಿಗೆ ಕಡ್ಡಿ ಕಟ್ಟಿದ್ದೆ. ಬಿಚ್ಚಿಕೊಳ್ಳಬಾರದು ಅಂತ ಜಾಸ್ತಿ ಬಿಗಿದೆ. ಮರುದಿನ ಬೆಳಿಗ್ಗೆ ಕಿತ್ತಳೆ ಬಣ್ಣದ ಬೆರಳುಗಳು ಊದಿ, ನಡುವಿನ ಪೊರೆ ಹೊಳೆಯುತ್ತಿತ್ತು. ಕಟ್ಟು ಬಿಚ್ಚಿದ ಅರ್ಧ ಗಂಟೆಗೆ ಊತ ಇಳಿಯಲು ಶುರುವಾಯ್ತು. ಒಂದು ದಿನ ತಡವಾಗಿದ್ದರೆ ಪಾದವೇ ಹೋಗುತ್ತಿತ್ತೇನೋ. ಕಟ್ಟು ಹಾಕಿದ ಹಕ್ಕಿಯ ಬೆರಳನ್ನು ದಿನಕ್ಕೆ ಎರಡು ಸಲ ಮುಟ್ಟಿ ನೋಡಿ. ಸಮಾಧಾನದ ವಿಷಯ ಅಂದರೆ ಹಕ್ಕಿಯ ಎಲುಬು ನಮ್ಮದಕ್ಕಿಂತ ಬೇಗ ಕೂಡುತ್ತದೆ. ಚೆನ್ನಾಗಿ ಕೂರಿಸಿದ್ದರೆ ಮೂರರಿಂದ ಆರು ವಾರ.

ಔಷಧಿ

ಇದರಲ್ಲಿ ನಮ್ಮ ಪಾಲು ಕಡಿಮೆ. ಮನೆಯಲ್ಲಿರುವ ನೋವಿನ ಗುಳಿಗೆ ಕೊಡಬೇಡಿ. ಡೈಕ್ಲೋಫೆನಾಕ್ ಅಂತೂ ರಣಹದ್ದುಗಳನ್ನು ಕೊಂದ ಔಷಧಿ, ದನಕರುಗಳಿಗೆ ಕೊಡುವುದನ್ನೇ 2006ರಲ್ಲಿ ನಿಲ್ಲಿಸಿದ್ದಾರೆ. ಹಕ್ಕಿಗೆ ಡಾಕ್ಟರು ಸಾಮಾನ್ಯವಾಗಿ ಬರೆಯೋದು ಮೆಲಾಕ್ಸಿಕ್ಯಾಮ್, ತೂಕ ನೋಡಿ. ಹಾಗಾಗಿ ಫೋನ್ ಮಾಡುವ ಮೊದಲು ಹಕ್ಕಿ ತೂಗಿಡಿ. ಮೊಟ್ಟೆ ಇಡುವ ಬಾತಾದರೆ ಎಷ್ಟು ದಿನ ಮೊಟ್ಟೆ ತಿನ್ನಬಾರದು ಅಂತಲೂ ಕೇಳಿ. ಸಂಚಾರಿ ಪಶು ಚಿಕಿತ್ಸಾ ವಾಹನಕ್ಕೆ 1962ಕ್ಕೆ ಕರೆ ಮಾಡಬಹುದು. ದೊಡ್ಡ ಸಮಸ್ಯೆಯಾದರೆ ಬೀದರಿನ ನಂದಿನಗರದಲ್ಲಿ ಪಶುವೈದ್ಯಕೀಯ ಕಾಲೇಜಿದೆ.

ಮರಿಯ ಕಾಲು ಸೊಟ್ಟಗಾಗಿದ್ದರೆ ಮೇವು ನೋಡಿ

ಬಿದ್ದಿಲ್ಲ, ಗಾಯ ಇಲ್ಲ, ಆದರೂ ಬಾತುಮರಿಯ ಕಾಲು ಬಿಲ್ಲಿನ ಹಾಗೆ ಬಾಗಿದೆ, ಹಿಮ್ಮಡಿ ದಪ್ಪ ಆಗಿದೆ ಅಂದರೆ ನಿಯಾಸಿನ್ ಕೊರತೆ ಇರಬಹುದು, ಅಂದರೆ ಬಿ3 ವಿಟಮಿನ್. ಬಾತುಮರಿಗೆ ಒಂದು ಕಿಲೋ ಮೇವಿನಲ್ಲಿ 55 ಮಿಲಿಗ್ರಾಂ ಬೇಕು, ಕೋಳಿಮರಿಗೆ ಸುಮಾರು 35 ಸಾಕು. ಕೋಳಿಮರಿಯ ಮೇವನ್ನೇ ಬಾತುಮರಿಗೆ ಹಾಕಿದಾಗ ಕಡಿಮೆ ಬೀಳೋದು ಇಲ್ಲೇ. ನಮ್ಮಲ್ಲಿ ಇನ್ನೂ ಕಷ್ಟ, ಸಾಕಿದ ಹಕ್ಕಿಗೆ ಬರೀ ಜೋಳದ ನುಚ್ಚು. ಜೋಳವನ್ನೇ ನಂಬಿದ್ದ ದಖ್ಖನಿನ ಬಡವರಲ್ಲಿ ಇದೇ ಕೊರತೆಯ ಪೆಲಾಗ್ರ ಅನ್ನುವ ರೋಗ ಇತ್ತು. ಹೈದರಾಬಾದಿನಲ್ಲಿ ಪೋಷಣಾ ವಿಜ್ಞಾನಿ ಸಿ. ಗೋಪಾಲನ್ ಮತ್ತು ಜೊತೆಗಾರರು 1960ರ ದಶಕದಲ್ಲಿ ಅದನ್ನು ಅಭ್ಯಾಸ ಮಾಡಿದ್ದರು. ಮನುಷ್ಯರ ಕಥೆಯೇ ಹಾಗಿದ್ದ ಮೇಲೆ ಬಾತುಮರಿಯದ್ದು ಏನು ಹೇಳೋದು.

ಮೆಡಿಕಲ್ ಅಂಗಡಿಯಲ್ಲಿ ಸಿಗುವ ಯೀಸ್ಟ್ ಪುಡಿ ಮೇವಿಗೆ ಬೆರೆಸಬಹುದು. ಶೇಂಗಾ ಹಿಂಡಿಯಲ್ಲೂ ನಿಯಾಸಿನ್ ಚೆನ್ನಾಗಿದೆ. ಆದರೆ ಹಿಂಡಿ ಮೂಸಿ ನೋಡಿ ಕೊಡಿ. ಬೂಷ್ಟು ಹಿಡಿದ ಶೇಂಗಾದಲ್ಲಿ ಅಫ್ಲಾಟಾಕ್ಸಿನ್ ಇರುತ್ತದೆ, ಆ ವಿಷಕ್ಕೆ ಬಾತುಮರಿಯಷ್ಟು ಬೇಗ ಬಲಿಯಾಗುವ ಜೀವಿ ಕಡಿಮೆ. ಪ್ರಯೋಗಾಲಯದಲ್ಲಿ ಆ ವಿಷ ಪತ್ತೆ ಮಾಡೋಕೇ ಬಾತುಮರಿ ಬಳಸುತ್ತಿದ್ದರು.

ನೀರು

ಗಾಯದ ಬಾತು ನೀರಿನ ತನಕ ನಡೆಯಲಾರದು, ನೀರೇ ಅದರ ಹತ್ತಿರ ಬರಬೇಕು. ಪಾತ್ರೆಯಲ್ಲಿ ಕೊಕ್ಕು, ತಲೆ ಮುಳುಗುವಷ್ಟು ಆಳ ಇರಲಿ. ಕಣ್ಣು, ಮೂಗಿನ ಹೊಳ್ಳೆ ತೊಳೆದುಕೊಳ್ಳೋದು ಅದರಲ್ಲೇ.

ಗಾಯ ಮುಚ್ಚಿದ ಮೇಲೆ ಈಜಿಸೋದು ಒಳ್ಳೆಯ ವ್ಯಾಯಾಮ. ನೀರು ಮೈಭಾರ ಹೊರುತ್ತದೆ, ಕಾಲು ನೋವಿಲ್ಲದೆ ಆಡುತ್ತದೆ. ರಾಣಿಗೆ ನಾವು ದೊಡ್ಡ ಪ್ಲಾಸ್ಟಿಕ್ ಟಬ್ಬಿನಲ್ಲಿ ಉಗುರು ಬೆಚ್ಚಗಿನ ನೀರು ತುಂಬಿದೆವು. ಮೊದಲ ದಿನ ಬಲಗಾಲು ಮಾತ್ರ ಆಡಿಸಿ ಗಾಣದೆತ್ತಿನ ಹಾಗೆ ಸುತ್ತಿದಲ್ಲೇ ಸುತ್ತಿತು. ನಾಲ್ಕನೇ ದಿನ ಎಡ ಪಾದದ ಪೊರೆ ನೀರೊಳಗೆ ಒಮ್ಮೆ ಅಗಲವಾಗಿ ಬಿಚ್ಚಿಕೊಂಡಿತು, ಟಬ್ಬಿನ ಈ ತುದಿಯಿಂದ ಆ ತುದಿಗೆ ನೆಟ್ಟಗೆ ಹೋಯ್ತು. ಹುಡುಗ ಕೂಗಿದ್ದು ಓಣಿಗೆಲ್ಲ ಕೇಳಿತು. ಹತ್ತು ನಿಮಿಷಕ್ಕಿಂತ ಜಾಸ್ತಿ ಬಿಡಬೇಡಿ, ಪಕ್ಕದಲ್ಲೇ ಕೂತಿರಿ. ಕಾಯಿಲೆ ಬಿದ್ದ ಬಾತು ಗರಿಗೆ ಎಣ್ಣೆ ಸವರಿಕೊಂಡಿರಲ್ಲ, ಮೈ ನೆನೆದು ಭಾರವಾಗಿ ಮುಳುಗಲೂಬಹುದು. ತೆಗೆದ ಮೇಲೆ ಒರೆಸಿ ಬಿಸಿಲಿಗೆ ಬಿಡಿ.

ತಿಂಗಳಾದ ಮೇಲೆ ನೋಡಲು ಹೋದೆ. ರಾಣಿ ಎರಡೂ ಕಾಲೂರಿ ಅಂಗಳದಲ್ಲಿ ಅಡ್ಡಾಡುತ್ತಿತ್ತು, ಬರೀ ಫರಸಿಯ ಮೇಲೆ. "ತಟ್ಟು ಎಲ್ಲೈತೋ?" ಅಂದೆ. ಹುಡುಗ ಮಾಳಿಗೆ ಕಡೆ ಕೈ ತೋರಿಸಿದ. ಕಾಕಾ ಅದರ ಮೇಲೆ ಮೆಣಸಿನಕಾಯಿ ಒಣ ಹಾಕಿದ್ದರು.