ಐದು ಜನ ಸೇರಿದರು, ಸರಿ. ಎಷ್ಟು ತಿಂಗಳು ಇದ್ದರು?

ಫೆಬ್ರವರಿ ಬಂತೆಂದರೆ ನನ್ನ ಫೋನಿಗೆ ಬಿಡುವಿಲ್ಲ. ಪೀಣ್ಯ, ಬೊಮ್ಮಸಂದ್ರ, ದಾಬಸ್‌ಪೇಟೆ, ಎಲ್ಲ ಕಡೆಯಿಂದ ಒಂದೇ ಮಾತು. "ಸರ್, ಅಪ್ರೆಂಟಿಸ್ ಫೈಲ್ ಸ್ವಲ್ಪ ರೆಡಿ ಮಾಡಿಕೊಡಿ. ಮಾರ್ಚ್ ಒಳಗೆ ಲೆಕ್ಕ ತೋರಿಸಬೇಕು." ಅಪ್ರೆಂಟಿಸ್ ಅಂದರೆ ಸ್ಟೈಪೆಂಡ್ (ತರಬೇತಿ ಭತ್ಯೆ) ಪಡೆದು ಕಾರ್ಖಾನೆಯಲ್ಲೇ ಕೆಲಸ ಕಲಿಯುವ ಹುಡುಗರು. ಆ ಹುಡುಗರು ಎಲ್ಲಿ ಅಂತ ಕೇಳಿದರೆ, "ಇದ್ದರು ಸರ್, ಬಿಟ್ಟುಹೋದರು." ಹುಡುಗರೇ ಇಲ್ಲದ ಫೈಲನ್ನು ನಾನು ಎಲ್ಲಿಂದ ತರಲಿ?

ನಾನು ಮೊದಲು ಫಿಟ್ಟರ್. ಆಮೇಲೆ ತರಬೇತಿ ವಿಭಾಗಕ್ಕೆ ಬಂದವನು. ಈಗ ಸಣ್ಣ ಕಾರ್ಖಾನೆಗಳಿಗೆ, ಖಾಸಗಿ ತರಬೇತಿ ಕೇಂದ್ರಗಳಿಗೆ ಈ ವಿಷಯದಲ್ಲಿ ಸಲಹೆ ಕೊಡುತ್ತೇನೆ. 1961ರ ಅಪ್ರೆಂಟಿಸ್ ಕಾಯ್ದೆ ಏನು, ಸರ್ಕಾರದ ಪೋರ್ಟಲ್‌ನಲ್ಲಿ ನೋಂದಣಿ ಹೇಗೆ ಎಂದು ಇಲ್ಲಿ ಹೇಳುವುದಿಲ್ಲ. 30 ಅಥವಾ ಅದಕ್ಕಿಂತ ಜಾಸ್ತಿ ಜನ ಇರುವ ಕಡೆ ಅಪ್ರೆಂಟಿಸ್ ಕಡ್ಡಾಯ, ಗುತ್ತಿಗೆಯವರೂ ಸೇರಿ ಒಟ್ಟು ಸಿಬ್ಬಂದಿಯ ಶೇ. 2.5ರಿಂದ 15ರೊಳಗೆ ಇರಬೇಕು ಅನ್ನುವುದು ಎಲ್ಲರಿಗೂ ಗೊತ್ತು. ಗುತ್ತಿಗೆಯವರನ್ನು ಬಿಟ್ಟು ಲೆಕ್ಕ ಹಾಕುವ ಜಾಣರು ಇನ್ನೂ ಇದ್ದಾರೆ. ಅವರ ಜೊತೆ ಜಗಳ ಇನ್ನೊಂದು ದಿನ.

ನನಗೆ ತಲೆನೋವಾಗಿರುವುದು ಬೇರೆ. ಇವರೆಲ್ಲ ತಲೆ ಎಣಿಸುತ್ತಾರೆ. ಕಾಯ್ದೆ ತಿಂಗಳು ಎಣಿಸುತ್ತದೆ.

ಒಂದು ಕಾರ್ಖಾನೆ ಇಟ್ಟುಕೊಳ್ಳೋಣ. ಕಾಯಂ 120 ಜನ, ಗುತ್ತಿಗೆ 80, ಒಟ್ಟು 200. ಶೇ. 2.5 ಅಂದರೆ 5 ಅಪ್ರೆಂಟಿಸ್. ಏಪ್ರಿಲ್‌ನಲ್ಲಿ ಐದು ಹುಡುಗರ ಕಾಂಟ್ರಾಕ್ಟ್ ಆಯಿತು, ಎಚ್‌ಆರ್ ಮೇಡಂ ನೆಮ್ಮದಿಯಾದರು. ಐದು ಜನ, ಹನ್ನೆರಡು ತಿಂಗಳು: 60 ಅಪ್ರೆಂಟಿಸ್ ತಿಂಗಳು. ನಾಲ್ಕು ತಿಂಗಳಾದ ಮೇಲೆ ಇಬ್ಬರು ಊರಿಗೆ ಹೋದವರು ವಾಪಸ್ ಬರಲಿಲ್ಲ. ಒಬ್ಬೊಬ್ಬರಿಂದ ಎಂಟು ತಿಂಗಳು ಹೋಯಿತು, ಒಟ್ಟು 16. ನಿಮ್ಮ ಹತ್ತಿರ ಉಳಿದದ್ದು 44. ಕಾಯ್ದೆಯ 30ನೇ ಕಲಮು ಕೊರತೆಯನ್ನು ಹೇಳುವುದೇ 'ಅಪ್ರೆಂಟಿಸ್ ತಿಂಗಳು' ಎಂಬ ಲೆಕ್ಕದಲ್ಲಿ. ಮಾರ್ಚ್‌ನಲ್ಲಿ ಓಡಿಬಂದು ಇಬ್ಬರನ್ನು ಸೇರಿಸಿದರೆ ತಲೆ ಮತ್ತೆ ಐದಾಗುತ್ತದೆ, ನಿಜ. ಕಳೆದುಹೋದ ತಿಂಗಳು ವಾಪಸ್ ಬರುತ್ತದಾ? ಇದನ್ನು ನಾನು ಬೋರ್ಡ್ ಮೇಲೆ ಬರೆದು, ಕಾಗದದಲ್ಲಿ ಬರೆದು, ಒಮ್ಮೆ ಟೀ ಲೋಟ ಜೋಡಿಸಿಟ್ಟೂ ತೋರಿಸಿದ್ದೇನೆ. ಮುಂದಿನ ಫೆಬ್ರವರಿಗೆ ಮತ್ತೆ ಅದೇ ಫೋನ್.

ತರಬೇತಿ ಕೇಂದ್ರದವರದೂ ಇದೇ ಕಥೆ. ನೂರು ಜನರಿಗೆ ಮೂಲ ತರಬೇತಿ ಕೊಟ್ಟೆವು ಎಂದು ಗೋಡೆ ಮೇಲೆ ಫೋಟೋ ಹಾಕಿರುತ್ತಾರೆ. ಅವರಲ್ಲಿ ಕಾರ್ಖಾನೆಯಲ್ಲಿ ಅವಧಿ ಮುಗಿಸಿದವರೆಷ್ಟು, ಅಖಿಲ ಭಾರತ ಟ್ರೇಡ್ ಟೆಸ್ಟ್‌ಗೆ ಕೂತವರೆಷ್ಟು, ರಾಷ್ಟ್ರೀಯ ಅಪ್ರೆಂಟಿಸ್ ಪ್ರಮಾಣಪತ್ರ ಕೈಗೆ ಬಂದವರೆಷ್ಟು ಎಂದು ಕೇಳಿದರೆ ರಿಜಿಸ್ಟರ್ ಹುಡುಕಲು ಶುರು ಮಾಡುತ್ತಾರೆ.

ಹಾಗಾದರೆ ಹುಡುಗರು ಯಾಕೆ ಬಿಡುತ್ತಾರೆ? ಮಾಲೀಕರನ್ನು ಕೇಳಿದರೆ "ಈಗಿನ ಹುಡುಗರಿಗೆ ತಾಳ್ಮೆ ಇಲ್ಲ" ಅಂತಾರೆ. ಇರಬಹುದು. ಆದರೆ ನಾನು ಕಂಡ ಮಟ್ಟಿಗೆ, ಬಿಟ್ಟವರಲ್ಲಿ ಹೆಚ್ಚಿನವರು ಮೊದಲ ಮೂರು-ನಾಲ್ಕು ತಿಂಗಳಲ್ಲೇ ಬಿಟ್ಟಿದ್ದಾರೆ. ಕಾರಣ ಒಂದೋ ದುಡ್ಡು, ಇಲ್ಲ ಬೇಸರ.

ದುಡ್ಡಿನದು ಹೇಳುತ್ತೇನೆ. ರಾಷ್ಟ್ರೀಯ ಅಪ್ರೆಂಟಿಸ್ ಉತ್ತೇಜನ ಯೋಜನೆಯಲ್ಲಿ ಸ್ಟೈಪೆಂಡ್‌ನ ಕಾಲು ಭಾಗವನ್ನು, ತಿಂಗಳಿಗೆ 1500 ರೂಪಾಯಿ ಮೀರದಂತೆ, ಸರ್ಕಾರ ಕೊಡುತ್ತದೆ. 2023ರಿಂದ ಅದು ನೇರ ಹುಡುಗನ ಖಾತೆಗೆ. 2019ರ ನಿಯಮದಂತೆ ಐಟಿಐ ಮುಗಿಸಿದವನಿಗೆ ಕನಿಷ್ಠ 7000. ಅಂದರೆ ಕಂಪನಿಯಿಂದ 5500, ಉಳಿದದ್ದು ಸರ್ಕಾರದಿಂದ. (ದರ ಆಗಾಗ ಬದಲಾಗುತ್ತದೆ. ನನ್ನ ಮಾತು ನಂಬಿ ಸಂಬಳ ಪಟ್ಟಿ ಮಾಡಬೇಡಿ, ಪೋರ್ಟಲ್ ನೋಡಿ.)

ಪಾವಗಡ ಕಡೆಯ ಒಬ್ಬ ಹುಡುಗ ಟರ್ನರ್ (ಲೇತ್ ಯಂತ್ರದ ಕೆಲಸ) ಟ್ರೇಡಿಗೆ ಸೇರಿದ್ದ. ಒಳ್ಳೆ ಕೈ. ಅಳತೆಗೆ ವರ್ನಿಯರ್ ಹಿಡಿದರೆ ಎರಡನೇ ಸಲ ನೋಡುವ ಅಗತ್ಯ ಇರಲಿಲ್ಲ. ಮೂರು ತಿಂಗಳಾದರೂ ಅವನಿಗೆ 1500 ಬರಲಿಲ್ಲ. ರೂಮ್ ಬಾಡಿಗೆ, ಬಸ್ಸು, ಊಟ ಎಲ್ಲ 5500ರಲ್ಲೇ ಆಗಬೇಕು. ಎಚ್‌ಆರ್‌ನವರು "ಸರ್ಕಾರದ ದುಡ್ಡಪ್ಪ, ನಾವೇನ್ ಮಾಡೋಣ" ಅಂದರು. ಯುಗಾದಿಗೆ ಊರಿಗೆ ಹೋದವನು ಬರಲೇ ಇಲ್ಲ. ನಾನೇ ಫೋನ್ ಮಾಡಿ ಕೇಳಿ ನೋಡಿದೆ. ಕೆಲಸಕ್ಕೆಂದು ಬೆಂಗಳೂರಿನಲ್ಲಿ ಹೊಸ ಖಾತೆ ತೆಗೆದಿದ್ದ, ಆಧಾರ್ ಕಾರ್ಡೂ ಕೊಟ್ಟಿದ್ದ. ಆದರೆ ಸರ್ಕಾರದ ನೇರ ಪಾವತಿಗೆ ಆಧಾರ್ ಜೋಡಣೆಯಾಗಿದ್ದದ್ದು ಹೈಸ್ಕೂಲಿನಲ್ಲಿ ಸ್ಕಾಲರ್‌ಶಿಪ್‌ಗೆಂದು ಊರಲ್ಲಿ ತೆಗೆದ ಹಳೆ ಖಾತೆಗೆ. ಮೂರು ತಿಂಗಳ ದುಡ್ಡು ಅಲ್ಲೇ ಸುಮ್ನೆ ಬಿದ್ದಿತ್ತು! ಬ್ಯಾಂಕಿಗೆ ಆಧಾರ್ ಕೊಡುವುದು ಬೇರೆ, ನೇರ ಪಾವತಿಗೆ ಜೋಡಿಸುವುದು ಬೇರೆ. ಸೇರಿದ ಮೊದಲ ವಾರ ಹುಡುಗನನ್ನು ಬ್ಯಾಂಕಿಗೆ ಕಳಿಸಿ ಇದೊಂದು ವಿಚಾರಿಸಿದ್ದರೆ ಸಾಕಿತ್ತು. ಅರ್ಧ ದಿನದ ಕೆಲಸ.

ಇನ್ನು ಬೇಸರ. ಫಿಟ್ಟರ್ ಅಂತ ಸೇರಿಸಿ ಆರು ತಿಂಗಳು ಒಂದೇ ಬೆಂಚಿನಲ್ಲಿ ಬರ್ (ಲೋಹದ ಅಂಚಿನಲ್ಲಿ ಉಳಿದ ಚೂಪು ಚೂರು) ತೆಗೆಸುವುದು. ಆರ್ಡರ್ ಜಾಸ್ತಿ ಬಂದರೆ ಪ್ಯಾಕಿಂಗ್‌ಗೆ ಹಾಕುವುದು. ತರಬೇತಿಗೆ ಸಂಬಂಧವಿಲ್ಲದ ಕೆಲಸ ಮಾಡಿಸಬಾರದು, ಪೀಸ್ ಲೆಕ್ಕದಲ್ಲಿ ದುಡ್ಡು ಕೊಡಬಾರದು ಎಂದು ಕಾಯ್ದೆಯಲ್ಲೇ ಇದೆ. ಪ್ರತಿ ಅಪ್ರೆಂಟಿಸ್ ಎಷ್ಟು ಕಲಿತ ಎಂಬ ದಾಖಲೆ ಇಡಬೇಕೆಂದೂ ಇದೆ. ಆ ದಾಖಲೆಯನ್ನು ನಮ್ಮವರು ಬರೆಯುವುದು ವರ್ಷಕ್ಕೊಮ್ಮೆ, ಒಂದೇ ಪೆನ್ನಿನಲ್ಲಿ, ಒಂದೇ ರಾತ್ರಿ. ಭಾನುವಾರವೂ ಹುಡುಗ ಡ್ರಿಲ್ಲಿಂಗ್ ಕಲಿತಿರುತ್ತಾನೆ! ತಪಾಸಣೆಗೆ ಬಂದವರು ಅದನ್ನೇ ಮೊದಲು ನೋಡುತ್ತಾರೆ.

ಬೊಮ್ಮಸಂದ್ರದ ಒಂದು ಶೆಡ್ಡಿನಲ್ಲಿ ಒಬ್ಬ ಹಿರಿಯ ಮೇಸ್ತ್ರಿ ಇದ್ದಾರೆ. ಓದಿದ್ದು ಏಳನೇ ಕ್ಲಾಸು. ಹುಡುಗರ ಲಾಗ್‌ಬುಕ್ ಅವರದೇ ಜವಾಬ್ದಾರಿ. ಶಿಫ್ಟ್ ಮುಗಿಯುವ ಹತ್ತು ನಿಮಿಷ ಮೊದಲು ಹುಡುಗರನ್ನು ಕೂರಿಸಿಕೊಂಡು, "ಇವತ್ತು ಏನು ಮಾಡಿದೆ, ಎಲ್ಲಿ ಕೆಡಿಸಿದೆ, ಬರಿ" ಅಂತಾರೆ. ಕನ್ನಡದಲ್ಲೇ ಬರೆಸುತ್ತಾರೆ. ಕೆಟ್ಟ ಪೀಸಿನ ಚಿತ್ರ ಬರೆಸುತ್ತಾರೆ. ಒಬ್ಬನ ಪುಸ್ತಕದಲ್ಲಿ ಸತತ ಎರಡು ವಾರ "ಡೀಬರಿಂಗ್" (ಅದೇ ಬರ್ ತೆಗೆಯುವುದು) ಎಂದೇ ಇದ್ದರೆ, ಮೂರನೇ ವಾರ ಅವನನ್ನು ಲೇತಿಗೆ ಹಾಕಿ ಎಂದು ಸೂಪರ್‌ವೈಸರ್ ಹತ್ತಿರ ತಾವೇ ಜಗಳಕ್ಕೆ ಹೋಗುತ್ತಾರೆ. ಎಲ್ಲ ಕಡೆ ಇಂಥ ಮೇಸ್ತ್ರಿ ಸಿಗುವುದಿಲ್ಲ, ಒಪ್ಪುತ್ತೇನೆ. ಅವರು ಮಾಡುವುದರಿಂದಲೇ ಹುಡುಗರು ಉಳಿಯುತ್ತಾರೆ ಎಂದು ಎದೆ ತಟ್ಟಿ ಹೇಳಲೂ ಆಗದು. ಆ ಶೆಡ್ಡಿನ ಪಕ್ಕದಲ್ಲೇ ಬಸ್‌ಸ್ಟಾಪ್ ಇದೆ, ಅದೂ ಒಂದು ಕಾರಣವಿರಬಹುದು. ಆದರೆ ಅಲ್ಲಿಂದ ನನಗೆ ಫೆಬ್ರವರಿಯಲ್ಲಿ ಫೋನ್ ಬರುವುದಿಲ್ಲ.

ಪಾವಗಡದ ಹುಡುಗ ಈಗ ಊರಲ್ಲೇ ಮೋಟಾರ್ ರಿವೈಂಡಿಂಗ್ ಅಂಗಡಿಯಲ್ಲಿದ್ದಾನಂತೆ. ಹೋದ ತಿಂಗಳು ಫೋನ್ ಮಾಡಿದ್ದ. "ಸರ್, ಆ ದುಡ್ಡು ಬಂತು, ಥ್ಯಾಂಕ್ಸ್" ಅಂದ. ಮತ್ತೆ ಬರ್ತೀಯೇನೋ ಅಂದೆ. ನಕ್ಕುಬಿಟ್ಟ.